ಲಾನ್‌ಗೆ ಪಾಪ್-ಅಪ್ ಸ್ಪ್ರಿಂಕ್ಲರ್: ಯಾರಿಗೆ ಒಪ್ಪುತ್ತದೆ, ಯಾರಿಗೆ ದಂಡ

ಅಂಗಡಿಯಲ್ಲಿ ಪಾಪ್-ಅಪ್ ಹೆಡ್ಡನ್ನು ಕೈಗೇ ಕೊಟ್ಟು ತೋರಿಸುತ್ತಾರೆ. ಮಣ್ಣಿನ ಮಟ್ಟಕ್ಕೆ ಹೂತು ಕೂರುವ ಕಪ್ಪು ಪ್ಲಾಸ್ಟಿಕ್ ಕೊಳವೆ. ನೀರು ಬಂದರೆ ಒಳಗಿನ ಕಡ್ಡಿ ನಾಲ್ಕಿಂಚು ಮೇಲೇಳುತ್ತದೆ, ನೀರು ನಿಂತರೆ ಸ್ಪ್ರಿಂಗು ಅದನ್ನು ಒಳಗೆಳೆದುಕೊಳ್ಳುತ್ತದೆ. ನೋಡಿದವರು ಮರುಳಾಗುವುದು ಸಹಜ. ಹಂಟರ್, ರೇನ್ ಬರ್ಡ್ ಎಂಬ ಎರಡೂ ಬ್ರ್ಯಾಂಡು ಇಲ್ಲಿ ಸಿಗುತ್ತವೆ, ಎರಡೂ ಗಟ್ಟಿ ಮಾಲು. ಅದರಲ್ಲಿ ಯಾವುದು ಮೇಲು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೇಳಬೇಕಾದ ಮೊದಲ ಪ್ರಶ್ನೆ ನಿಮ್ಮ ಮನೆಯ ನೀರಿನ ಒತ್ತಡ ಎಷ್ಟು ಎನ್ನುವುದು.

ಈ ಹೆಡ್‌ಗಳನ್ನು ರೂಪಿಸಿದ್ದು ಬೀದಿಯ ಪೈಪಿನಲ್ಲೇ ಮೂರು ನಾಲ್ಕು ಬಾರ್ ಒತ್ತಡ ಬರುವ ಊರುಗಳಿಗೆ. ನಮ್ಮಲ್ಲಿ ನೀರು ಸಂಪಿಗೆ ಬಂದು, ಮೋಟಾರಿನಲ್ಲಿ ತಾರಸಿಗೆ ಏರಿ, ಅಲ್ಲಿಂದ ತನ್ನ ಭಾರದಲ್ಲೇ ಇಳಿಯುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಸಿಗುವುದು ಒಂದು ಬಾರ್. ಮಹಡಿ ಮನೆಯ ಟ್ಯಾಂಕು ನೆಲದಿಂದ 30 ಅಡಿ ಮೇಲಿದ್ದರೂ ತೋಟದ ನಲ್ಲಿಯಲ್ಲಿ ಒತ್ತಡ 0.9 ಬಾರ್ ಮಾತ್ರ. ನಾಝಲ್ ಎಂದರೆ ಹೆಡ್ಡಿನ ತುದಿಗೆ ಹಾಕುವ, ನೀರು ಚಿಮ್ಮಿಸುವ ಬಾಯಿ. ಸಾಮಾನ್ಯ ಸ್ಪ್ರೇ ನಾಝಲ್‌ಗೆ ಬೇಕಿರುವುದು 2.1 ಬಾರ್, ತಿರುಗುವ ಎಳೆಗಳ ರೋಟರಿ ನಾಝಲ್‌ಗೆ 2.8. ಟ್ಯಾಂಕಿನ ಲೈನಿಗೇ ಹೆಡ್ ಜೋಡಿಸಿದರೆ ಏನಾಗುತ್ತದೆ ನೋಡಿ: ಕಡ್ಡಿ ಅರ್ಧ ಎದ್ದು ನಿಲ್ಲುತ್ತದೆ, ಕುತ್ತಿಗೆಯ ರಬ್ಬರ್ ಸೀಲು ಕಚ್ಚಿಕೊಳ್ಳದೆ ಸುತ್ತ ನೀರು ಬುಳುಬುಳು ಉಕ್ಕುತ್ತದೆ, ಹದಿನೈದು ಅಡಿ ಹಾರಬೇಕಾದ ನೀರು ಆರೇಳು ಅಡಿಗೇ ಸುಸ್ತಾಗಿ ಬೀಳುತ್ತದೆ. ಎರಡು ವಾರದಲ್ಲಿ ಪ್ರತಿ ಹೆಡ್ಡಿನ ಸುತ್ತ ಹಸಿರು ಉಂಗುರ, ನಡುವೆ ಒಣಗಿದ ಹುಲ್ಲು. ಇಂಥ ಲಾನ್ ಕಂಡರೆ ಹೆಡ್ಡನ್ನು ಬೈಯಬೇಡಿ.

ಹಾಗಾಗಿ ಸೆಟ್ ಬೇಕೆಂದರೆ ಸಂಪಿನಿಂದಲೇ ಎಳೆಯುವ ಪ್ರತ್ಯೇಕ ಪಂಪು ಬೇಕು. ಇದನ್ನು ಕೊಟೇಶನ್‌ನಲ್ಲಿ ಸೇರಿಸದೆ 'ಮನೇಲಿರೋ ಮೋಟಾರಲ್ಲೇ ನಡೆಯುತ್ತೆ ಸಾರ್' ಎನ್ನುವವರ ಮಾತು ಅಲ್ಲಿಗೇ ಬಿಡಿ.

ಲೆಕ್ಕಕ್ಕೆ 30 ಅಡಿಗೆ 30 ಅಡಿಯ ಲಾನ್ ತೆಗೆದುಕೊಳ್ಳೋಣ. 900 ಚದರ ಅಡಿ, ಅಂದರೆ ಸುಮಾರು 84 ಚದರ ಮೀಟರ್. ಸ್ಪ್ರಿಂಕ್ಲರಿನ ನಿಯಮ ಒಂದೇ: ಒಂದು ಹೆಡ್ಡಿನ ನೀರು ಪಕ್ಕದ ಹೆಡ್ಡಿನ ಬುಡ ಮುಟ್ಟಬೇಕು. ಹದಿನೈದು ಅಡಿಗೊಂದರಂತೆ ಒಂಬತ್ತು ಹೆಡ್ ಬರುತ್ತವೆ: ಮೂಲೆಗಳಲ್ಲಿ ನಾಲ್ಕು ಕಾಲು ವೃತ್ತ, ಅಂಚುಗಳ ನಡುವೆ ನಾಲ್ಕು ಅರ್ಧ ವೃತ್ತ, ಮಧ್ಯೆ ಒಂದು ಪೂರ್ತಿ. 'ಆರೇ ಸಾಕು, ಉಳಿತಾಯ' ಎನ್ನುವ ಪ್ಲಂಬರ್ ಮೂರು ಹೆಡ್ಡಿನ ದುಡ್ಡು ಉಳಿಸಿ ಲಾನಿನ ಮಧ್ಯವನ್ನು ಒಣಗಿಸುತ್ತಾನೆ.

ಇದೇ ಒಂಬತ್ತಕ್ಕೆ ಸ್ಪ್ರೇ ನಾಝಲ್ ಹಾಕಿದರೆ ಕಾಲು ವೃತ್ತದ್ದು ನಿಮಿಷಕ್ಕೆ 3.5 ಲೀಟರ್, ಅರ್ಧದ್ದು 7, ಪೂರ್ತಿಯದ್ದು 14 ಲೀಟರ್ ಕುಡಿಯುತ್ತವೆ. ಒಟ್ಟು 56 ಲೀಟರ್. ಗಂಟೆಗೆ 40 ಮಿಲಿಮೀಟರ್ ಮಳೆ ಸುರಿದಂತೆ. ನಮ್ಮ ಕೆಂಪು ಮಣ್ಣು, ಅದರಲ್ಲೂ ಮನೆ ಕಟ್ಟುವಾಗ ಲಾರಿ ಓಡಾಡಿ ಗಟ್ಟಿಯಾದ ಮಣ್ಣು, ಆ ರಭಸಕ್ಕೆ ಕುಡಿಯುವುದಿಲ್ಲ. ಐದಾರು ನಿಮಿಷಕ್ಕೆ ನೀರು ಪೇವರ್ ಕಡೆಗೆ ಹರಿಯಲು ಶುರು. ಬೆಳಗಾವಿ, ಧಾರವಾಡದ ಕಡೆಯ ಎರೆ ಮಣ್ಣಾದರೆ ಇನ್ನೂ ಬೇಗ.

ರೋಟರಿ ನಾಝಲ್ ಹಾಕಿದರೆ ಅದೇ ಜಾಗಕ್ಕೆ ನಿಮಿಷಕ್ಕೆ ಹನ್ನೊಂದು ಹನ್ನೆರಡು ಲೀಟರ್ ಸಾಕು, ಗಂಟೆಗೆ ಸುಮಾರು 8 ಮಿಲಿಮೀಟರ್. ಮಂಜಿನ ಬದಲು ದಪ್ಪ ಎಳೆಗಳಾಗಿ ನಿಧಾನಕ್ಕೆ ತಿರುಗುವುದರಿಂದ ಗಾಳಿಗೆ ಹಾರುವುದು ಕಡಿಮೆ, ಮಣ್ಣಿಗೆ ಹೀರಲು ಸಮಯ ಸಿಗುತ್ತದೆ. ಇನ್ನೊಂದು ಲಾಭವನ್ನು ಮಾರುವವರು ಹೇಳುವುದೇ ಇಲ್ಲ. 56 ಲೀಟರಿಗೆ ಮುಖ್ಯ ಪೈಪು 32 ಮಿಲಿಮೀಟರ್ ಇರಬೇಕು, ಇಲ್ಲವೇ ಲಾನನ್ನು ಎರಡು ವಾಲ್ವಿಗೆ ಒಡೆಯಬೇಕು. 12 ಲೀಟರಿಗೆ 25 ಮಿಲಿಮೀಟರ್ ಪೈಪು, ಕರೆಂಟಿನಿಂದ ತೆರೆದು ಮುಚ್ಚುವ ಒಂದೇ ಸೊಲೆನಾಯ್ಡ್ ವಾಲ್ವು ಧಾರಾಳ. ನಾಝಲ್ಲಿನ ಬೆಲೆ ಹೆಚ್ಚಾದರೂ ಪೈಪು, ವಾಲ್ವು, ವೈರಿನಲ್ಲಿ ಒಂದಷ್ಟು ವಾಪಸ್ ಬರುತ್ತದೆ. ಮನೆ ಲಾನ್‌ಗೆ ಸ್ಪ್ರೇ ನಾಝಲ್ ಕೊಳ್ಳಲು ಈಗ ನಮಗೆ ಕಾರಣವೇ ಕಾಣುವುದಿಲ್ಲ.

ಪಂಪಿನ ವಿಷಯ ಸ್ವಲ್ಪ ಸೂಕ್ಷ್ಮ. ಪಂಪಿನ ಭಾಷೆಯಲ್ಲಿ ಹೆಡ್ ಎಂದರೆ ಮೀಟರಿನಲ್ಲಿ ಹೇಳುವ ಒತ್ತಡ, ಹತ್ತು ಮೀಟರಿಗೆ ಒಂದು ಬಾರ್. ರೋಟರಿಗೆ 28 ಮೀಟರ್ ಹೆಡ್, ಸಂಪಿನಿಂದ ಎತ್ತಲು ಮೂರು, ಫಿಲ್ಟರು ಪೈಪುಗಳ ಘರ್ಷಣೆಗೆ ನಾಲ್ಕೈದು, ಒಟ್ಟು 36 ಮೀಟರ್ ಹೆಡ್ಡಿನಲ್ಲಿ 12 ಲೀಟರ್ ಬರಬೇಕು. ಪಂಪಿನ ಡಬ್ಬಿಯ ಮೇಲಿನ ಗರಿಷ್ಠ ಹೆಡ್ ಎನ್ನುವುದು ನೀರು ಒಂದು ಹನಿಯೂ ಹರಿಯದಾಗಿನ ಅಂಕಿ. ಅದನ್ನು ನಂಬದೆ ಒಳಗಿನ ಕೋಷ್ಟಕದಲ್ಲಿ 36 ಮೀಟರಿನ ಸಾಲು ನೋಡಿ. ಹಾಗೆಂದು ತೀರಾ ದೊಡ್ಡದನ್ನು ತಂದರೆ ಬೇರೆ ಕಾಟ: ಹರಿವು ಕಡಿಮೆ ಇರುವುದರಿಂದ ಒತ್ತಡ ಏರಿ ನೀರು ಮಂಜಾಗಿ ಹಾರುತ್ತದೆ, ಅಂಟು ಹಾಕಿದ ಜಾಯಿಂಟ್ ಬಿಡುತ್ತದೆ. 2.8 ಬಾರಿಗೆ ತಾನೇ ಒತ್ತಡ ಇಳಿಸುವ ರೆಗ್ಯುಲೇಟೆಡ್ ಹೆಡ್ ಕೇಳಿ ತೆಗೆದುಕೊಳ್ಳಿ. ಸಂಪು ಖಾಲಿಯಾದಾಗ ಪಂಪು ನಿಲ್ಲುವಂತೆ ಫ್ಲೋಟ್ ಸ್ವಿಚ್ ಕಡ್ಡಾಯ. ಬೆಳಿಗ್ಗೆ ಐದಕ್ಕೆ ಟೈಮರ್ ಪಂಪು ಹಾಕುವಾಗ ಯಾರೂ ಎದ್ದಿರುವುದಿಲ್ಲ.

ಟೈಮರ್ ಎರಡು ಬಗೆ. ಗೋಡೆಗೆ ಹಾಕುವ ಕಂಟ್ರೋಲರ್ 24 ವೋಲ್ಟ್ ಎಸಿಯಲ್ಲಿ ವಾಲ್ವು ನಡೆಸುತ್ತದೆ, ಪಂಪನ್ನು ಹಾಕಿ ಆರಿಸುವ ರಿಲೇ ಸ್ವಿಚ್ಚನ್ನೂ ಅದೇ ನಡೆಸುತ್ತದೆ. ಕರೆಂಟ್ ಹೋದಾಗ ಗಡಿಯಾರ ಉಳಿಯುವಂತೆ ಬ್ಯಾಟರಿ ಇರಬೇಕು, ಇಲ್ಲದಿದ್ದರೆ ಮಟಮಟ ಮಧ್ಯಾಹ್ನ ನೀರು ಹಾರುತ್ತದೆ. ನಲ್ಲಿಗೆ ತಿರುಗಿಸುವ ಬ್ಯಾಟರಿ ಟೈಮರ್ ಅಗ್ಗ, ಆದರೆ ಅದರೊಳಗೆ ನೀರಿನ ಒತ್ತಡದಿಂದಲೇ ಆಡುವ ರಬ್ಬರ್ ಪೊರೆ (ಡಯಾಫ್ರಾಮ್) ಇದ್ದರೆ ಟ್ಯಾಂಕಿನ ಕಡಿಮೆ ಒತ್ತಡಕ್ಕೆ ಸರಿಯಾಗಿ ತೆರೆಯದು, ಮುಚ್ಚದು. ಬಾಲ್ ವಾಲ್ವಿನದ್ದೇ ಕೇಳಿ.

ಬೋರಿನ ನೀರಾದರೆ 120 ಮೆಶ್ ಡಿಸ್ಕ್ ಫಿಲ್ಟರ್ ಪಂಪಿನ ನಂತರ ಇರಲಿ. ಅದು ಮರಳನ್ನು ತಡೆಯುತ್ತದೆ, ಗಡಸುತನವನ್ನಲ್ಲ. ನಾಝಲ್ಲಿನ ಬಾಯಿಗೆ ಬಿಳಿ ಸುಣ್ಣ ಕಟ್ಟುತ್ತದೆ, ಕಿಟಕಿ ಗಾಜಿಗೂ ನಿಂತ ಕಾರಿಗೂ ಚುಕ್ಕೆ ಬೀಳುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ನಾಝಲ್ ಬಿಚ್ಚಿ, ಕೆಳಗಿನ ಪುಟ್ಟ ಜಾಲರಿಯ ಸಮೇತ ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರೆ ಸಾಕು. ಪಿನ್ನು ಚುಚ್ಚಬೇಡಿ, ರಂಧ್ರ ಅಗಲವಾಗಿ ನೀರಿನ ಆಕಾರ ಕೆಡುತ್ತದೆ.

ನೀರು ಎಲ್ಲಿಂದ ಎನ್ನುವುದು ಬೆಂಗಳೂರಿನವರಿಗೆ ಕಾನೂನಿನ ಪ್ರಶ್ನೆಯೂ ಹೌದು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಕಾವೇರಿ ನೀರಿನ ಸಂಪಿಗೇ ಸ್ಪ್ರಿಂಕ್ಲರ್ ಜೋಡಿಸುವ ಯೋಚನೆ ಬೇಡ. ಬೋರು ಅಥವಾ ಮಳೆನೀರಿನ ಬೇರೆ ಸಂಪು ಇದ್ದರೆ ಮಾತ್ರ ಮುಂದುವರಿಯಿರಿ. ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರನ್ನು ಮಕ್ಕಳಾಡುವ ಜಾಗದಲ್ಲಿ ತುಂತುರಾಗಿ ಹಾರಿಸುವುದು ಸರಿಯಲ್ಲ, ಹನಿ ಮೂಗಿಗೆ ಹೋಗುತ್ತದೆ. ಅಲ್ಲಿ ಮಣ್ಣಿನಡಿಯ ಡ್ರಿಪ್ ಲೈನೇ ಸೂಕ್ತ.

ಟ್ಯಾಂಕರ್ ನೀರು ತರಿಸುವವರು ಇದನ್ನೂ ಗುಣಿಸಿ ನೋಡಲಿ. ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ 5 ಮಿಲಿಮೀಟರಿನಂತೆ ಕೊಟ್ಟರೂ ಆ 900 ಚದರ ಅಡಿಗೆ 420 ಲೀಟರ್ ಬೇಕು. 6,000 ಲೀಟರಿನ ಟ್ಯಾಂಕರ್ ಎರಡು ವಾರಕ್ಕೆ ಮುಗಿಯುತ್ತದೆ. ಸ್ಪ್ರಿಂಕ್ಲರ್ ಈ ಲೆಕ್ಕವನ್ನು ಬದಲಿಸುವುದಿಲ್ಲ. ಅದು ಉಳಿಸುವುದು ಪೈಪು ಹಿಡಿದು ನಿಲ್ಲುವ ಅರ್ಧ ಮುಕ್ಕಾಲು ಗಂಟೆಯನ್ನು. ಮಳೆ ಸುರಿಯುವಾಗಲೂ ಟೈಮರ್ ಓಡುತ್ತಿದ್ದರೆ ನೀರಿನ ಖರ್ಚು ಹೆಚ್ಚೇ ಆದೀತು, ಹಾಗಾಗಿ ರೇನ್ ಸೆನ್ಸರ್ ಬಿಡಬೇಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಒಳ್ಳೆ ಮಳೆಯಾದ ವರ್ಷ ಸೆಟ್ಟಿಗೆ ಹೆಚ್ಚಿನ ದಿನ ಕೆಲಸವೇ ಇರುವುದಿಲ್ಲ. ಮಂಗಳೂರು, ಮಡಿಕೇರಿಯಲ್ಲಂತೂ ವರ್ಷದ ಅರ್ಧ ಸುಮ್ಮನೆ ಕೂರುತ್ತದೆ.

ಇಷ್ಟಾದ ಮೇಲೆ ನಮ್ಮ ಅಭಿಪ್ರಾಯ. 500 ಚದರ ಅಡಿಗಿಂತ ಚಿಕ್ಕ ಲಾನ್‌ಗೆ ಹೂತಿಡುವ ಸೆಟ್ ಬೇಡ, ಉದ್ದ ಪೈಪು ಮತ್ತು ಶವರ್ ಗನ್ ಸಾಕು. ಕಾಂಪೌಂಡಿನ ಪಕ್ಕದ ಮೂರು ನಾಲ್ಕಡಿ ಪಟ್ಟಿಗೆ ಯಾವ ಸ್ಪ್ರಿಂಕ್ಲರೂ ಬೇಡ, ಅರ್ಧ ನೀರು ಗೋಡೆಗೆ ಹೋಗುತ್ತದೆ. ಬಾಡಿಗೆ ಮನೆಯವರಿಗೆ ಮಣ್ಣಿಗೆ ಚುಚ್ಚುವ ಮೊಳೆಯ ಸ್ಪ್ರಿಂಕ್ಲರ್, ಅದಕ್ಕೂ ಪಂಪಿನ ಒತ್ತಡ ಬೇಕೆಂಬುದು ನೆನಪಿರಲಿ. ಸಾವಿರ ಚದರ ಅಡಿ ದಾಟಿ, ಸ್ವಂತ ಬೋರಿದ್ದು, ವಾರಗಟ್ಟಲೆ ಮನೆ ಬಿಟ್ಟು ಹೋಗುವವರಾದರೆ ರೋಟರಿ ಸೆಟ್ ಧೈರ್ಯವಾಗಿ ಹಾಕಿಸಿ. ನಡುವಿನವರು ಮಾಲಿ ಸಿಗುತ್ತಾನೋ ಇಲ್ಲವೋ ನೋಡಿ ನಿರ್ಧರಿಸಬಹುದು.

ಹಾಕಿಸುವಾಗ ಎದುರು ನಿಂತು ನೋಡಬೇಕಾದದ್ದು ಮೂರು. ಪೈಪು ಎಂಟು ಹತ್ತು ಇಂಚು ಆಳದಲ್ಲಿರಬೇಕು. ಹೆಡ್ಡನ್ನು ಗಟ್ಟಿ ಪಿವಿಸಿ ತುಂಡಿಗೆ ನೇರ ಸಿಕ್ಕಿಸದೆ ಬಾಗುವ ಪೈಪಿನ ಮೂಲಕ ಜೋಡಿಸಬೇಕು, ಇಲ್ಲದಿದ್ದರೆ ಹುಲ್ಲು ಕತ್ತರಿಸುವ ಮೆಷೀನಿನ ಚಕ್ರ ಹತ್ತಿದ ದಿನ ಕತ್ತು ಮುರಿಯುತ್ತದೆ. ನಾಝಲ್ ಹಾಕುವ ಮುನ್ನ ಲೈನಿನಲ್ಲಿ ನೀರು ಬಿಟ್ಟು ಪೈಪು ಕೊಯ್ದ ಪುಡಿ, ಮಣ್ಣು ಹೊರಹೋಗುವಂತೆ ತೊಳೆಯಬೇಕು. ಹೊಸ ಸೆಟ್ಟು ಮೊದಲ ವಾರವೇ ಕಟ್ಟಿಕೊಳ್ಳುವುದು ಆ ಪುಡಿಯಿಂದ.

ಕೊನೆಯ ಕಂತು ಕೊಡುವ ಮೊದಲು ಬಾಯಿ ತಳ ಒಂದೇ ಅಗಲದ, ಒಂದೇ ಅಳತೆಯ ಹನ್ನೆರಡು ಡಬ್ಬಿಗಳನ್ನು ಲಾನ್ ತುಂಬ ಹರಡಿ ಅರ್ಧ ಗಂಟೆ ನೀರು ಬಿಡಿಸಿ. ಪ್ರತಿ ಡಬ್ಬಿಯಲ್ಲೂ ಸ್ಕೇಲ್ ಇಟ್ಟು ಅಳೆಯಿರಿ. ನಾಲ್ಕು ಮಿಲಿಮೀಟರಿನ ಆಸುಪಾಸಿದ್ದರೆ ಸರಿ. ಒಂದರಲ್ಲಿ ಆರು, ಇನ್ನೊಂದರಲ್ಲಿ ಎರಡು ಬಂದರೆ ಚೆಕ್ಕು ಜೇಬಿನಲ್ಲೇ ಇರಲಿ, ಹೆಡ್ಡುಗಳ ಜಾಗ ಮತ್ತು ಒತ್ತಡ ಸರಿಮಾಡಿಸಿ ಇನ್ನೊಮ್ಮೆ ಅಳೆಯಿರಿ.