ಕಠ್ಮಂಡುವಿನಲ್ಲಿ ಮೂರು ವಾರದ ಸ್ವಯಂಸೇವೆ: ಕೊಟ್ಟ ಹಣ, ಸಿಕ್ಕ ಕೆಲಸ

ಕಳೆದ ಬೇಸಿಗೆ ರಜೆಯಲ್ಲಿ ಮೂರು ವಾರ ಕಠ್ಮಂಡು ಕಣಿವೆಯ ಒಂದು ಹಗಲು ಆರೈಕೆ ಕೇಂದ್ರದಲ್ಲಿ, ಸೆರೆಬ್ರಲ್ ಪಾಲ್ಸಿ (ಮಿದುಳಿಗಾದ ಹಾನಿಯಿಂದ ಕೈಕಾಲು, ಮೈಯ ಚಲನೆಯ ಮೇಲೆ ಹಿಡಿತ ಕಷ್ಟವಾಗುವ ಸ್ಥಿತಿ) ಇರುವ ಮಕ್ಕಳ ನಡುವೆ, ಸ್ವಯಂಸೇವಕಿಯಾಗಿ ಕೆಲಸ ಮಾಡಿ ಬಂದೆ. ನನ್ನನ್ನು ಅಲ್ಲಿಗೆ ಕಳುಹಿಸಿದ್ದು ಇಂಥ ರಜಾ ಪ್ರವಾಸಗಳನ್ನು ಏರ್ಪಡಿಸುವುದನ್ನೇ ವ್ಯವಹಾರ ಮಾಡಿಕೊಂಡಿರುವ ಒಂದು ಏಜೆನ್ಸಿ. ಏಜೆನ್ಸಿಯ ಹೆಸರನ್ನಾಗಲೀ ಕೇಂದ್ರದ ಹೆಸರನ್ನಾಗಲೀ ಇಲ್ಲಿ ಬರೆಯುತ್ತಿಲ್ಲ. ಆದರೆ ಹೀಗೆ ಹೋಗಬೇಕೆಂದಿರುವ ಸಹೋದ್ಯೋಗಿ ಶಿಕ್ಷಕರೂ ಒಂದಿಬ್ಬರು ನರ್ಸಿಂಗ್ ವಿದ್ಯಾರ್ಥಿನಿಯರೂ ಪದೇಪದೇ ವಿಚಾರಿಸುತ್ತಿರುವುದರಿಂದ ಕಂಡದ್ದನ್ನು ಬರೆದಿಡುವುದು ಒಳ್ಳೆಯದೆನ್ನಿಸಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕೇಂದ್ರ ಬಹಳ ಒಳ್ಳೆಯದು, ಏಜೆನ್ಸಿಯ ಸೇವೆ ದುಬಾರಿಯೂ ಹೌದು ಅಸಡ್ಡೆಯದೂ ಹೌದು, ಇನ್ನು ಮೂರು ವಾರದ ಅವಧಿ ನನ್ನ ರಜೆಗೆ ಹೊಂದುವಂಥದ್ದೇ ಹೊರತು ಆ ಮಕ್ಕಳ ಅಗತ್ಯಕ್ಕೆ ಹೊಂದುವಂಥದ್ದಲ್ಲ.

ನೇಪಾಳವನ್ನು ಆರಿಸಿಕೊಳ್ಳಲು ಕಾರಣ ಸರಳವಾಗಿತ್ತು. ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲ, ಹಿಂದಿ ಬಂದರೆ ಹೇಗೋ ನಡೆಯುತ್ತದೆ, ದೆಹಲಿಯಿಂದ ವಿಮಾನದಲ್ಲಿ ಹೆಚ್ಚು ಹೊತ್ತೂ ಹಿಡಿಯುವುದಿಲ್ಲ. ಏಜೆನ್ಸಿ ಕಳುಹಿಸಿದ ಪಟ್ಟಿಯಲ್ಲಿ ‘ಸರ್ಕಾರ ನೀಡಿದ ಯಾವುದಾದರೂ ಗುರುತಿನ ಚೀಟಿ’ ಎಂದಿತ್ತು. ಇದು ತಪ್ಪು. ವಿಮಾನದಲ್ಲಿ ಹೋಗುವ ವಯಸ್ಕರು ಪಾಸ್‌ಪೋರ್ಟನ್ನೋ ಚುನಾವಣಾ ಆಯೋಗದ ಗುರುತಿನ ಚೀಟಿಯನ್ನೋ ತೋರಿಸಬೇಕು, ಆಧಾರ್ ನಡೆಯುವುದಿಲ್ಲ. ನಮ್ಮ ಗುಂಪಿನ ಹುಡುಗನೊಬ್ಬ ಆಧಾರ್ ಒಂದನ್ನೇ ನಂಬಿಕೊಂಡು ದೆಹಲಿಯವರೆಗೆ ಬಂದವನು ಅಲ್ಲಿಂದಲೇ ವಾಪಸಾಗಿ, ನಾಲ್ಕು ದಿನ ತಡವಾಗಿ ಬಂದು ಸೇರಿಕೊಂಡ. ಆ ಟಿಕೆಟ್ಟಿನ ಹಣವನ್ನು ಅವನಿಗೆ ಯಾರೂ ಕೊಡಲಿಲ್ಲ.

ವಿಮಾನದ ಖರ್ಚನ್ನು ಬಿಟ್ಟು ನಾನು ಏಜೆನ್ಸಿಗೆ ಕಟ್ಟಿದ್ದು 64,000 ರೂಪಾಯಿ. ಇದರಲ್ಲಿ ಒಂದು ಮನೆಯಲ್ಲಿ ವಸತಿ, ಎರಡು ಹೊತ್ತಿನ ಊಟ, ವಿಮಾನ ನಿಲ್ದಾಣದಿಂದ ಕರೆತರುವ ವ್ಯವಸ್ಥೆ, ‘ತರಬೇತಿ’ ಮತ್ತು ‘ಕೇಂದ್ರಕ್ಕೆ ದೇಣಿಗೆ’ ಸೇರಿದ್ದವು. ಆ ದೇಣಿಗೆ ಎಷ್ಟೆಂದು ಎರಡು ಬಾರಿ ಪತ್ರ ಬರೆದು ಕೇಳಿದರೂ ಉತ್ತರ ಬರಲಿಲ್ಲ. ಎರಡನೆಯ ವಾರದಲ್ಲಿ ಸಂಕೋಚ ಬಿಟ್ಟು ಕೇಂದ್ರದ ಲೆಕ್ಕ ನೋಡುವವರನ್ನೇ ವಿಚಾರಿಸಿದಾಗ ಅವರು ಪುಸ್ತಕ ತೆಗೆದು ತೋರಿಸಿದರು: ನನ್ನ ಹೆಸರಿನ ಮುಂದೆ 6,000 ನೇಪಾಳಿ ರೂಪಾಯಿ ಜಮೆಯಾಗಿತ್ತು. ನಮ್ಮ ಒಂದು ರೂಪಾಯಿಗೆ ಅಲ್ಲಿ 1.60 ಎಂಬ ಸ್ಥಿರ ದರವಿರುವುದರಿಂದ ಅದು 3,750 ರೂಪಾಯಿ ಆಯಿತು. ಉಳಿದ ಅರವತ್ತು ಸಾವಿರದಲ್ಲಿ ನನ್ನ ಊಟ ವಸತಿಗೆ ಎಷ್ಟು ಹೋಯಿತೆಂದು ಲೆಕ್ಕ ಹಾಕುವ ಗೋಜಿಗೆ ನಾನು ಹೋಗಲಿಲ್ಲ.

ವಸತಿಯ ಬಗ್ಗೆ ದೂರೇನಿಲ್ಲ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಅನ್ನ, ಬೇಳೆ, ಪಲ್ಯದ ಪೂರ್ತಿ ಊಟ, ರಾತ್ರಿ ಮತ್ತೆ ಅದೇ. ಜೊತೆಗೆ ಆಗಾಗ ಗುಂದ್ರುಕ್ ಎಂಬ, ಸೊಪ್ಪನ್ನು ಹುಳಿಬರಿಸಿ ಒಣಗಿಸಿದ ಪದಾರ್ಥದ ಸಾರು ಇರುತ್ತಿತ್ತು. ಮನೆಯೊಡತಿ ನನ್ನ ಊರು ಕೇಳಿ, ಕರ್ನಾಟಕವೆಂದು ಗೊತ್ತಾದೊಡನೆ ‘ಪಶುಪತಿಯ ಭಟ್ಟರ ಕಡೆಯವರೇ?’ ಎಂದು ಕಣ್ಣರಳಿಸಿದರು. ಪಶುಪತಿನಾಥನ ಮುಖ್ಯ ಅರ್ಚಕರು ನಮ್ಮ ಕರಾವಳಿಯ ಕಡೆಯಿಂದ ಹೋದವರೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಮೈಸೂರಿನ ನನಗೂ ಭಟ್ಟರಿಗೂ ಯಾವ ನಂಟೂ ಇಲ್ಲವೆಂದರೂ ಆ ದಿನದಿಂದ ನನ್ನ ತಟ್ಟೆಗೆ ಒಂದು ಚಮಚ ತುಪ್ಪ ಹೆಚ್ಚಾಗಿಯೇ ಬೀಳುತ್ತಿತ್ತು.

ದೂರು ಇರುವುದು ತರಬೇತಿಯ ಬಗ್ಗೆ. ಅರ್ಧ ದಿನದ ಆ ತರಬೇತಿಯಲ್ಲಿ ನಮಸ್ಕಾರ ಹೇಗೆ ಹೇಳಬೇಕು, ಯಾವ ಗುಡಿಗೆ ಯಾವಾಗ ಹೋಗಬೇಕು, ಟ್ಯಾಕ್ಸಿಗೆ ಎಷ್ಟು ಕೊಡಬೇಕು ಎಂಬುದೆಲ್ಲ ಬಂತು. ಮಗುವನ್ನು ಹೇಗೆ ಎತ್ತಬೇಕು, ಹೇಗೆ ಉಣಿಸಬೇಕು, ಫಿಟ್ಸ್ ಬಂದರೆ ಏನು ಮಾಡಬಾರದು ಎಂಬುದರ ಬಗ್ಗೆ ಒಂದು ಮಾತೂ ಬರಲಿಲ್ಲ. ಇದನ್ನೆಲ್ಲ ನನಗೆ ಕಲಿಸಿದವರು ಕೇಂದ್ರದ ಆಯಾಗಳು, ಅಲ್ಲಿನ ಮಾತಿನಲ್ಲಿ ದಿದಿಯರು.

ಮೊದಲ ದಿನವೇ ಎಂಟು ವರ್ಷದ ಒಬ್ಬ ಹುಡುಗನಿಗೆ ಲಿಟೊ ಉಣಿಸಲು ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಹುರಿದ ಧಾನ್ಯ, ಬೇಳೆಗಳ ಹಿಟ್ಟನ್ನು ಕಾಯಿಸಿ ಮಾಡುವ ಗಂಜಿ ಅದು. ನಮ್ಮ ಮನೆಗಳಲ್ಲಿ ಕೂಸಿಗೆ ಮಾಡುವ ರಾಗಿ ಸರಿಯನ್ನು ನೆನಪಿಸಿಕೊಂಡರೆ ಸಾಕು. ನಾನು ಅವನ ಕುರ್ಚಿಯ ಪಕ್ಕ ನಿಂತು ಚಮಚ ನೀಡಿದೆ. ಅವನು ನನ್ನ ಮುಖ ನೋಡಲು ತಲೆಯನ್ನು ಹಿಂದಕ್ಕೆ ಎತ್ತಿದ, ಮರುಕ್ಷಣವೇ ಗಂಜಿ ನೆತ್ತಿಗೇರಿ ಕೆಮ್ಮು ಹತ್ತಿತು. ಹಿರಿಯ ದಿದಿ ಒಂದು ಮಾತೂ ಆಡದೆ ಮೋಟು ಸ್ಟೂಲೊಂದನ್ನು ಎಳೆದು ತಂದು, ನನ್ನ ಹೆಗಲನ್ನು ಒತ್ತಿ ಕೂರಿಸಿದರು. ಉಣಿಸುವವರ ಕಣ್ಣು ಮಗುವಿನ ಕಣ್ಣಿನ ಮಟ್ಟದಲ್ಲೋ ಅದಕ್ಕಿಂತ ಕೆಳಗೋ ಇರಬೇಕು, ಆಗ ಗದ್ದ ತಾನಾಗಿಯೇ ತುಸು ಕೆಳಗಿಳಿದು ಗಂಟಲು ಸುರಕ್ಷಿತವಾಗಿರುತ್ತದೆ. ಮಗುವಿನ ಸೊಂಟ ಕುರ್ಚಿಯ ಬೆನ್ನಿಗೆ ಒತ್ತಿರಬೇಕು, ಪಾದಗಳು ಹಲಗೆಯ ಮೇಲೆ ನೆಲೆಯಾಗಿರಬೇಕು. ಗುಳಿಯಿಲ್ಲದ ಚಪ್ಪಟೆ ಚಮಚವನ್ನು ನೇರವಾಗಿ ಒಳಗಿಟ್ಟು, ನಾಲಗೆಯ ನಡುವೆ ಮೆಲ್ಲಗೆ ಒತ್ತಿ, ತುಟಿ ತಾನೇ ಮುಚ್ಚುವವರೆಗೆ ಕಾಯಬೇಕೇ ಹೊರತು ಮೇಲಿನ ಹಲ್ಲಿಗೆ ಗೀಚಿ ಗಂಜಿಯನ್ನು ಸುರಿಯಬಾರದು. ‘ಬಿಸ್ತಾರೈ, ಬಿಸ್ತಾರೈ’, ಅಂದರೆ ನಿಧಾನ, ನಿಧಾನ ಎಂದು ಅವರು ಹೇಳುತ್ತಿದ್ದುದು ಮಗುವಿಗಲ್ಲ, ನನಗೆ. ಒಂದು ಬಟ್ಟಲಿಗೆ ನಲವತ್ತು ನಿಮಿಷ ಹಿಡಿಯಿತು. ಆ ಹುಡುಗ ಮುಖವನ್ನು ಎಡಕ್ಕೆ ತಿರುಗಿಸಿದರೆ ‘ಪುಗ್ಯೊ’, ಅಂದರೆ ಸಾಕು ಎಂದರ್ಥ. ಬಲಕ್ಕೆ ತಿರುಗಿಸಿದರೆ ಕಿಟಕಿಯಾಚೆ ವ್ಯಾನ್ ಬಂದಿದೆ ಎಂದಷ್ಟೇ ಅರ್ಥ. ಇವೆರಡರ ವ್ಯತ್ಯಾಸ ನನಗೆ ಸರಿಯಾಗಿ ತಿಳಿಯುವ ಹೊತ್ತಿಗೆ ಎರಡು ವಾರ ಕಳೆದಿತ್ತು.

ಮಾತು ಬಾರದ ಮಕ್ಕಳಿಗಾಗಿ ಅಲ್ಲಿ ಚಿತ್ರಫಲಕಗಳಿವೆ. ನೀರು, ಹಸಿವು, ನೋವು, ಶೌಚ, ಅಮ್ಮ ಎಂಬ ಚಿತ್ರಗಳ ಜೊತೆಗೆ ಪ್ರತಿ ದಿದಿಯ ಪುಟ್ಟ ಫೋಟೊ ಕೂಡ ಇದೆ. ಮಗು ಕಣ್ಣು ನೆಟ್ಟು ನೋಡಿದ ಚಿತ್ರವೇ ಅದರ ಮಾತು. ನನ್ನ ಫೋಟೊ ಹಾಕುವರೇನೋ ಎಂದು ಒಳಗೊಳಗೇ ಆಸೆಯಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಸ್ವಯಂಸೇವಕರೆಲ್ಲರಿಗೂ ಸೇರಿ ಫಲಕದ ಮೂಲೆಯಲ್ಲಿ ಒಂದೇ ಚಿತ್ರವಿದೆ: ಬೆನ್ನಿಗೆ ಚೀಲ ಹಾಕಿಕೊಂಡ ಮನುಷ್ಯಾಕೃತಿ, ಕೆಳಗೆ ‘ಪಾಹುನಾ’, ಅತಿಥಿ ಎಂಬ ಬರಹ. ಮೊದಲು ಚುರುಕ್ಕೆಂದರೂ ಯೋಚಿಸಿದಾಗ ಇದು ಬಹಳ ಪ್ರಾಮಾಣಿಕವಾದ ಏರ್ಪಾಡೆನ್ನಿಸಿತು. ಮೂರು ವಾರಕ್ಕೊಮ್ಮೆ ಬದಲಾಗುವ ಮುಖಗಳನ್ನು ಹೆಸರಿಟ್ಟು ನೆನಪಿಟ್ಟುಕೊಳ್ಳುವ ಹೊರೆಯನ್ನು ಆ ಕೇಂದ್ರ ಮಕ್ಕಳ ಮೇಲೆ ಹಾಕಿಲ್ಲ.

ಹಾಗಾದರೆ ನನ್ನಿಂದ ಏನು ಉಪಯೋಗವಾಯಿತು? ವ್ಯಾಯಾಮ ಮಾಡಿಸುವುದು ಫಿಸಿಯೊಥೆರಪಿಸ್ಟರ ಕೆಲಸ, ಅದಕ್ಕೆ ನನ್ನನ್ನು ಬಿಡಲಿಲ್ಲ, ಬಿಡದಿದ್ದುದೇ ಸರಿ. ಬಟ್ಟೆ ಒಗೆಯುವುದು, ಮಗುವನ್ನು ಆಸರೆಯಿಂದ ನಿಲ್ಲಿಸುವ ಸ್ಟ್ಯಾಂಡಿಂಗ್ ಫ್ರೇಮಿನ ಪಟ್ಟಿಗಳನ್ನು ಬಿಗಿಯುವಾಗ ಹಿಡಿದುಕೊಳ್ಳುವುದು, ಹರಿದ ಚಿತ್ರಗಳನ್ನು ಹೊಸದಾಗಿ ಕತ್ತರಿಸಿ ಲ್ಯಾಮಿನೇಟ್ ಮಾಡಿಸುವುದು ನನ್ನ ಪಾಲಿಗೆ ಬಂತು. ಇವುಗಳಲ್ಲಿ ಕೊನೆಯದೊಂದನ್ನು ಮಾತ್ರ ನಾನು ಬೇರೆಯವರಿಗಿಂತ ಚೆನ್ನಾಗಿ ಮಾಡಿದೆ. ತಾಯಂದಿರ ಜೊತೆ ಕೂತು ಅವರ ಅರ್ಜಿಗಳನ್ನು ನೋಡುವುದೂ ಒಂದು ಪಾಠವಾಯಿತು. ನೇಪಾಳದಲ್ಲಿ ಅಂಗವೈಕಲ್ಯದ ಗುರುತಿನ ಚೀಟಿಗೆ, ಅತಿ ತೀವ್ರದಿಂದ ಸೌಮ್ಯದವರೆಗೆ, ಕ, ಖ, ಗ, ಘ ಎಂಬ ನಾಲ್ಕು ವರ್ಗಗಳಿದ್ದು, ಅವಕ್ಕೆ ಕ್ರಮವಾಗಿ ಕೆಂಪು, ನೀಲಿ, ಹಳದಿ, ಬಿಳಿ ಬಣ್ಣಗಳಿವೆ. ಮಾಸಿಕ ಭತ್ಯೆ ಮೊದಲ ಎರಡಕ್ಕೆ ಮಾತ್ರ. ಭಾರತದಲ್ಲಿ ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡಿನಲ್ಲಿ ವೈಕಲ್ಯದ ಶೇಕಡಾವಾರು ಲೆಕ್ಕದಲ್ಲಿ ಬಣ್ಣ ಕೊಡುತ್ತಾರೆ, ಶೇ. 80ಕ್ಕೆ ಮೇಲ್ಪಟ್ಟರೆ ನೀಲಿ. ಹೀಗಾಗಿ ನೀಲಿ ಚೀಟಿ ಹಿಡಿದು ಬಂದ ತಾಯಿಯನ್ನು ನೋಡಿ ‘ಅತಿ ತೀವ್ರ ವರ್ಗ ಸಿಕ್ಕಿದೆಯಲ್ಲ’ ಎಂದು ನಾನು ಹೇಳಿದ್ದು ಪೂರಾ ತಪ್ಪಾಗಿತ್ತು. ಆಕೆ ಬಂದಿದ್ದುದೇ ಅದನ್ನು ಕೆಂಪಿಗೆ ಬದಲಾಯಿಸಿಕೊಳ್ಳುವ ದಾರಿ ಕೇಳಲು.

ಇಂಥ ಪ್ರವಾಸಕ್ಕೆ ಹೊರಡುವವರು ಗಮನಿಸಲೇಬೇಕಾದ ಇನ್ನೊಂದು ವಿಷಯವಿದೆ. ಅದೇ ಏಜೆನ್ಸಿಯ ಪಟ್ಟಿಯಲ್ಲಿ ಅನಾಥಾಲಯಗಳೂ ಇದ್ದವು, ಶುಲ್ಕವೂ ಕಡಿಮೆಯಿತ್ತು. ತಂದೆ ತಾಯಿ ಇರುವ ಮಕ್ಕಳನ್ನೇ ಹಳ್ಳಿಗಳಿಂದ ಕರೆತಂದು, ವಿದೇಶಿ ಅತಿಥಿಗಳ ಹಣಕ್ಕಾಗಿ ಇಟ್ಟುಕೊಂಡ ಪ್ರಕರಣಗಳು ನೇಪಾಳದಲ್ಲಿ ಬೆಳಕಿಗೆ ಬಂದಿವೆ. ಅನಾಥಾಲಯಗಳಲ್ಲಿನ ಸ್ವಯಂಸೇವಾ ಪ್ರವಾಸದಿಂದಾಗುವ ಹಾನಿಯನ್ನು ವಿಶ್ವಸಂಸ್ಥೆಯ ಮಹಾಸಭೆಯೇ 2019ರ ನಿರ್ಣಯವೊಂದರಲ್ಲಿ ಹೆಸರಿಸಿ ಹೇಳಿದೆ. ಮಕ್ಕಳು ಸಂಜೆ ತಮ್ಮ ಮನೆಗೆ ಹೋಗುವ ಕೇಂದ್ರವನ್ನೇ ನಾನು ಹುಡುಕಿದ್ದು ಈ ಕಾರಣಕ್ಕೆ. ಜೊತೆಗೆ, ಪ್ರವಾಸಿ ವೀಸಾದಲ್ಲಿ ಬಂದ ವಿದೇಶಿಯರು ಸಂಬಳವಿಲ್ಲದ ಕೆಲಸವನ್ನೂ ಮಾಡುವಂತಿಲ್ಲವೆಂಬುದು ಅಲ್ಲಿನ ನಿಯಮ. ನಮಗೆ ವೀಸಾದ ಪ್ರಶ್ನೆಯೇ ಇಲ್ಲ, ಆದರೆ ನನ್ನ ಜೊತೆಗಿದ್ದ ಯುರೋಪಿನ ಹುಡುಗಿಗೆ ‘ವಿಮಾನ ನಿಲ್ದಾಣದಲ್ಲಿ ಕೇಳಿದರೆ ಚಾರಣಕ್ಕೆ ಬಂದಿದ್ದೇನೆ ಎನ್ನು’ ಎಂದು ಏಜೆನ್ಸಿಯವರು ಹೇಳಿಕೊಟ್ಟಿದ್ದರಂತೆ. ಹೀಗೆ ಸುಳ್ಳು ಹೇಳಿಸಿ ಕಳುಹಿಸುವವರಿಗೆ ನಾನು ಐದರಲ್ಲಿ ಒಂದು ಅಂಕಕ್ಕಿಂತ ಹೆಚ್ಚು ಕೊಡಲಾರೆ.

ವಿಶೇಷ ಶಿಕ್ಷಣ, ಫಿಸಿಯೊಥೆರಪಿ, ವಾಕ್ ಚಿಕಿತ್ಸೆ ಕಲಿತವರು ಕನಿಷ್ಠ ಮೂರು ತಿಂಗಳ ಬಿಡುವಿದ್ದರೆ, ಏಜೆನ್ಸಿಯ ಹಂಗಿಲ್ಲದೆ ನೇರವಾಗಿ ಇಂಥ ಕೇಂದ್ರಕ್ಕೆ ಬರೆದು ಹೋಗಲಿ, ದಿದಿಯರಿಗೆ ತರಬೇತಿ ಕೊಡುವ ಕೆಲಸ ಅಲ್ಲಿ ಬೇಕಾದಷ್ಟಿದೆ. ನನ್ನಂಥವರಿಗೆ ಅಷ್ಟು ದೂರದ ಅಗತ್ಯವಿರಲಿಲ್ಲ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಮುಂದೆಯೇ ದಿನವೂ ಸ್ಕೂಟರಿನಲ್ಲಿ ಹಾದುಹೋಗುವ ನಾನು ಇದುವರೆಗೆ ಅದರ ಗೇಟು ದಾಟಿ ಒಳಗೆ ಹೋಗಿರಲಿಲ್ಲ. ಚಿತ್ರಫಲಕಗಳ ಬಗ್ಗೆ ಇನ್ನಷ್ಟು ತಿಳಿಯಬೇಕೆಂದು ಜೂನ್ ತಿಂಗಳಲ್ಲಿ ಮೊದಲ ಸಲ ಹೋದೆ.

ಹೊರಡುವವರು ದಿನಗಳ ಲೆಕ್ಕವನ್ನೂ ನೋಡಿಕೊಳ್ಳಬೇಕು. ಅಲ್ಲಿ ವಾರದ ರಜೆ ಶನಿವಾರ, ನಾನಿದ್ದಾಗ ಕೇಂದ್ರ ಭಾನುವಾರವೂ ತೆರೆದಿರುತ್ತಿತ್ತು. ಏಪ್ರಿಲ್ ನಡುವೆ ಅವರ ಹೊಸ ವರ್ಷ ಬರುತ್ತದೆ, ಆಗ ಒಂದೆರಡು ದಿನ ಕೆಲಸವಿರುವುದಿಲ್ಲ. ಕಳೆದ ವಾರ ಏಜೆನ್ಸಿಯಿಂದ ನನಗೊಂದು ಪತ್ರ ಬಂದಿದೆ: ಹಳೆಯ ಸ್ವಯಂಸೇವಕರು ದಸರಾ ರಜೆಯಲ್ಲಿ ಮತ್ತೆ ಅದೇ ಕೇಂದ್ರಕ್ಕೆ ಬಂದರೆ ಶುಲ್ಕದಲ್ಲಿ ಶೇ. 10ರಷ್ಟು ರಿಯಾಯಿತಿಯಂತೆ. ನಮ್ಮ ದಸರೆಯೇ ಅಲ್ಲಿನ ದಶೈಂ, ನೇಪಾಳದ ಅತಿ ದೊಡ್ಡ ಹಬ್ಬ. ಆ ಹದಿನೈದು ದಿನ ಮಕ್ಕಳೆಲ್ಲ ಮನೆಯಲ್ಲಿರುತ್ತಾರೆ, ದಿದಿಯರು ತಮ್ಮ ಊರುಗಳಿಗೆ ಹೋಗಿರುತ್ತಾರೆ, ಕೇಂದ್ರಕ್ಕೆ ಬೀಗ ಹಾಕಿರುತ್ತದೆ.