ಬೆನ್ನಿಗೆ ಬಿಸಿಲು, ಮುಖಕ್ಕೆ ಬೆಳಕು: ಯಾವ ದಾರಿ ಮೇಲು?

ನನ್ನ ಹೆಂಡತಿಗೆ ಫೋಟೋ ಅಂದರೆ ಸೂರ್ಯ ಬೆನ್ನ ಹಿಂದೆ ಇರಲೇಬೇಕು. ಕೂದಲಿನ ಅಂಚು ಹೊಳೆಯಬೇಕು, ಸೆರಗಿನೊಳಗಿಂದ ಬಿಸಿಲು ಹಾಯಬೇಕು. ನನಗೂ ಇದು ತುಂಬಾ ಇಷ್ಟ. ಬಿಸಿಲಿಗೆ ಮುಖ ಕೊಟ್ಟರೆ ಕಣ್ಣು ಕಿರಿದಾಗುತ್ತದೆ, ಮೂಗಿನ ಕೆಳಗೆ ಗಟ್ಟಿ ನೆರಳು ಬೀಳುತ್ತದೆ. ಆದರೆ ಕ್ಯಾಮೆರಾ ಹಿಂದಿನ ಬೆಳಕಿಗೆ ಹೆದರಿ ಇಡೀ ಚಿತ್ರವನ್ನು ಮಂಕು ಮಾಡುತ್ತದೆ, ಮುಖ ಕಪ್ಪಾಗುತ್ತದೆ. ಇದಕ್ಕಿರುವ ದಾರಿಗಳನ್ನು ಉಡುಪಿ ಬಳಿಯ ಕಾಪು ಬೀಚಿನಲ್ಲೂ ನಮ್ಮ ಮನೆಯ ಹಿತ್ತಲಲ್ಲೂ ಹೋಲಿಸಿ ನೋಡಿದ್ದೇನೆ.

ಮೊದಲು ಫೋನಿನ ಎಚ್‌ಡಿಆರ್. ಬೇರೆ ಬೇರೆ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಅದೇ ಬೆಸೆಯುತ್ತದೆ. ಮುಖವೂ ಕಾಣುತ್ತದೆ, ಹಿಂದಿನ ದೀಪಸ್ತಂಭವೂ ಕಾಣುತ್ತದೆ. ಆದರೆ ಎಲ್ಲವೂ ಒಂದೇ ಸಮ. "ರೀ, ಬಿಸಿಲೇ ಹೋಯ್ತಲ್ಲ" ಅಂದಳು. ನಿಜ. ಪೋರ್ಟ್ರೇಟ್ ಮೋಡ್ ಹಾಕಿದರಂತೂ ಹೊಳೆಯುವ ಬಿಡಿಗೂದಲನ್ನೇ ಅದು ಹಿನ್ನೆಲೆ ಅಂದುಕೊಂಡು ಮಸುಕು ಮಾಡಿಬಿಡುತ್ತದೆ. ಊರಿಂದ ಬಂದವರ ಗುಂಪು ಫೋಟೋಗೆ ಸಾಕು, ಇವಳಿಗೆ ಬೇಡ.

ಫ್ಲ್ಯಾಶ್ ಇದಕ್ಕಿಂತ ಮೇಲು, ಅದೂ ಮಟಮಟ ಮಧ್ಯಾಹ್ನ. ಪೂರ್ತಿ ಶಕ್ತಿಯಲ್ಲಿ ಹೊಡೆದರೆ ಹಣೆ ಎಣ್ಣೆ ಹಚ್ಚಿದಂತೆ ಮಿಂಚುತ್ತದೆ, ಹಾಗಾಗಿ ಒಂದೂವರೆ ಎರಡು ಸ್ಟಾಪ್ ಇಳಿಸಬೇಕು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಸಂಜೆಯಾದರೆ ಇನ್ನೊಂದು ತೊಂದರೆ: ಸುತ್ತೆಲ್ಲ ಹೊನ್ನಿನ ಬಣ್ಣ, ಮುಖ ಮಾತ್ರ ಬಿಳಿ. ಫ್ಲ್ಯಾಶಿನ ಮುಂದೆ ಕಿತ್ತಳೆ ಜೆಲ್ (ಬಣ್ಣದ ತೆಳು ಹಾಳೆ) ಹಾಕಬೇಕು. ಫ್ಲ್ಯಾಶ್ ಇದ್ದಾಗ ಸಾಮಾನ್ಯವಾಗಿ ಶಟರ್ ವೇಗ ಸೆಕೆಂಡಿನ 1/200, 1/250 ದಾಟುವಂತಿಲ್ಲ. ಬಿಸಿಲು ಜೋರಿದ್ದರೆ ಅಪರ್ಚರ್ (ಲೆನ್ಸಿನ ಕಿಂಡಿ) ಕಿರಿದು ಮಾಡಬೇಕು, ಆಗ ಹಿಂದಿನ ಬೇಲಿ, ಕರೆಂಟು ಕಂಬ ಎಲ್ಲ ಸ್ಪಷ್ಟವಾಗಿ ಬಂದು ಕೂರುತ್ತವೆ. ವೇಗದ ಶಟರಿಗೂ ಫ್ಲ್ಯಾಶ್ ಹೊಂದಿಸುವ ಹೈ ಸ್ಪೀಡ್ ಸಿಂಕ್ ಇದ್ದರೆ ಈ ಕಟ್ಟು ತಪ್ಪುತ್ತದೆ, ಆದರೆ ಫ್ಲ್ಯಾಶಿನ ಬಲ ಕುಗ್ಗುತ್ತದೆ.

ಖರ್ಚಿಲ್ಲದ ದಾರಿ ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಬೀಳುವ ಬೆಳಕು, ಏರಿಸುವುದು. ಪ್ಲಸ್ 1ರಿಂದ 2 ಸ್ಟಾಪ್‌ವರೆಗೆ, ಇಲ್ಲವೇ ಕೆನ್ನೆಯ ಮೇಲೆ ಸ್ಪಾಟ್ ಮೀಟರಿಂಗ್, ಅಂದರೆ ಆ ಒಂದು ಜಾಗದ ಬೆಳಕನ್ನಷ್ಟೇ ಅಳೆಯುವುದು. ಮುಖ ಮೆತ್ತಗೆ, ಸಹಜವಾಗಿ ಬರುತ್ತದೆ. ಬೀಚಿನಲ್ಲಿ ಮಾತ್ರ ಆಕಾಶ ಪೂರ್ತಿ ಬಿಳಿ, ಕಡಲೂ ಕರಗಿಹೋಗುತ್ತದೆ. ಆ ಬಿಳಿಯ ಮುಂದೆ ಕೂದಲಿನ ಹೊಳಪೂ ಕಾಣುವುದಿಲ್ಲ! ಹೊಳೆಯುವ ಅಂಚು ಕಾಣಬೇಕಾದರೆ ಅದರ ಹಿಂದೆ ಕತ್ತಲಿರಬೇಕು. ಹಿತ್ತಲಲ್ಲಿ ಹಲಸಿನ ಮರದ ನೆರಳು ಹಿಂದೆ ಬರುವಂತೆ ಅವಳನ್ನು ನಿಲ್ಲಿಸಿ, ಬಿಸಿಲು ಮೇಲಿಂದ ಓರೆಯಾಗಿ ಬರುವಾಗ ತೆಗೆದೆ. ಅದೇ ಕ್ಯಾಮೆರಾ, ಅದೇ ಲೆನ್ಸ್. ಒಂದೊಂದು ಎಳೆಯೂ ಬೆಳಗಿತು, ಕಿವಿಯ ಅಂಚು ಕೆಂಪಗೆ ಕಂಡಿತು. ಪೂರ್ತಿ ಬಿಳಿಯಾಗುವಂಥ ಆಕಾಶ ಫ್ರೇಮಿನಲ್ಲೇ ಇರಲಿಲ್ಲ.

ಇದಕ್ಕೆ ಒಂದು ಥರ್ಮೋಕೋಲ್ ಶೀಟು ಸೇರಿದರೆ ಮುಗಿಯಿತು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಬಿಳಿ ಶೀಟು. ಮಗಳು ಅದನ್ನು ಅಮ್ಮನ ಎದೆ ಮಟ್ಟದಲ್ಲಿ, ಮೂರಡಿ ದೂರದಲ್ಲಿ ಹಿಡಿಯುತ್ತಾಳೆ. ಕೆನ್ನೆಗೆ ಬೆಳಕು ತುಂಬಿಕೊಳ್ಳುತ್ತದೆ, ಕಣ್ಣಿನಲ್ಲಿ ಬೆಳಕಿನ ಚುಕ್ಕಿ ಬರುತ್ತದೆ. ಮಡಚುವ ರಿಫ್ಲೆಕ್ಟರಿನ ಬೆಳ್ಳಿ ಬದಿಯೂ ಹಿಡಿಸಿ ನೋಡಿದೆ: ಬೆಳಕು ಜಾಸ್ತಿ, ಆದರೆ ಕಣ್ಣಿಗೆ ಚುಚ್ಚುತ್ತದೆ. ಚಿನ್ನದ ಬದಿ ಅರಿಶಿನ ಬಳಿದ ಹಾಗೆ. ಬಿಳಿಯೇ ಸರಿ. ಕಡಲಗಾಳಿಗೆ ಮಾತ್ರ ಥರ್ಮೋಕೋಲ್ ನಿಲ್ಲುವುದಿಲ್ಲ.

ಹಾಗಾಗಿ ಹಿತ್ತಲಲ್ಲಾದರೆ ಕತ್ತಲ ಹಿನ್ನೆಲೆ, ಥರ್ಮೋಕೋಲ್, ಅರ್ಧ ಮುಕ್ಕಾಲು ಸ್ಟಾಪ್ ಪ್ಲಸ್. ಬೀಚಿನಲ್ಲಾದರೆ ಸೂರ್ಯ ನೀರಿಗೆ ತಾಗುವವರೆಗೆ ಕಾದು, ಆಕಾಶಕ್ಕೆ ಮೀಟರ್ ಮಾಡಿ, ಪಕ್ಕದಿಂದ ಬರೀ ನೆರಳುರೂಪ. ಎರಡೂ ಕಡೆ ಲೆನ್ಸ್ ಒರೆಸಿಕೊಳ್ಳಿ. ಎದುರು ಬಿಸಿಲಿಗೆ ಒಂದು ಬೆರಳಚ್ಚು ಸಾಕು, ಚಿತ್ರಕ್ಕೆಲ್ಲ ಮಂಜು ಕವಿಯುತ್ತದೆ. ಡಿಎಸ್‌ಎಲ್‌ಆರ್ ಇದ್ದರೆ ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿ ಸೂರ್ಯನನ್ನು ನೋಡಲೇಬೇಡಿ, ಕಣ್ಣಿಗೆ ಅಪಾಯ. ಸ್ಕ್ರೀನ್ ನೋಡಿಯೇ ತೆಗೆಯಿರಿ.