ಒಂದೇ ಬ್ರೋಕರ್ ಕಂಪನಿ, ಮೂರು ಬೆಲೆ: ಭಾವನ 60, ಮಾಷ್ಟ್ರ 140, ಅಳಿಯನ 250

2021ರ ದೀಪಾವಳಿಗೆ ಬೆಂಗಳೂರಿನಿಂದ ಸೋದರಳಿಯ ಊರಿಗೆ ಬಂದಿದ್ದ. ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಜಗಲಿಯಲ್ಲಿ ಕಾಸರಗೋಡು ಪೇಟೆಯ ಭಾವ ಕೂತಿದ್ದರು, ಬ್ಯಾಂಕಿನಿಂದ ನಿವೃತ್ತರು. ನನಗೆ ಶಾಲೆಯಲ್ಲಿ ಗಣಿತ ಕಲಿಸಿದ ಮಾಷ್ಟ್ರೂ ಇದ್ದರು. ಮಾತು ಅಡಿಕೆ ರೇಟಿನಿಂದ ಶುರುವಾಗಿ, ಗಿರಾಕಿಗಳಿಗೆ ಷೇರು ಕೊಂಡು ಮಾರಿಕೊಡುವ ಒಂದು ಸಣ್ಣ ಬ್ರೋಕರ್ ಕಂಪನಿಗೆ ಬಂದು ನಿಂತಿತು. ಅದರ ಷೇರು ಅವತ್ತು 100 ರೂಪಾಯಿಯ ಆಸುಪಾಸಿನಲ್ಲಿತ್ತು. ಭಾವ 60ಕ್ಕಿಂತ ಜಾಸ್ತಿ ಕೊಡಬೇಡ ಅಂದರು. ಮಾಷ್ಟ್ರು 140 ಬಾಳುತ್ತೆ ಅಂದರು. ಅಳಿಯ 250 ಅಂದ.

ಒಂದೇ ಕಂಪನಿ, ಒಂದೇ ವಾರ್ಷಿಕ ವರದಿ. ಇಷ್ಟು ವ್ಯತ್ಯಾಸ ಹೇಗೆ ಅಂತ ನನಗೆ ನಿದ್ದೆ ಬರಲಿಲ್ಲ. ವಾದ ಮಾಡುವುದಕ್ಕಿಂತ ಮಾಡಿಯೇ ನೋಡೋಣ ಅಂತ ಮೂವರ ಹೆಸರಿನಲ್ಲಿ ನೂರು ನೂರು ಷೇರಿನಷ್ಟು ಹಣ ಬೇರೆ ಇಟ್ಟೆ. ಅವರವರ ಲೆಕ್ಕ ಹೇಳಿದಾಗ ಕೊಳ್ಳುವುದು, ಅವರವರ ಲೆಕ್ಕ ಹೇಳಿದಾಗ ಮಾರುವುದು. ಕಂಪನಿಯ ಹೆಸರು ಹೇಳುವುದಿಲ್ಲ. ಗುರುತು ಸಿಗದ ಹಾಗೆ ಸಂಖ್ಯೆಗಳನ್ನೂ ದುಂಡು ಮಾಡಿದ್ದೇನೆ: ಒಟ್ಟು 40 ಲಕ್ಷ ಷೇರು, ಅಂದರೆ 100 ರೂಪಾಯಿ ರೇಟಿನಲ್ಲಿ ಇಡೀ ಕಂಪನಿಗೆ 40 ಕೋಟಿ.

ಮೊದಲು ನನ್ನದೇ ಒಂದು ಪೆದ್ದುತನ. ವರದಿಯಲ್ಲಿ ಬ್ಯಾಂಕಿನಲ್ಲಿರುವ ಹಣ 70 ಕೋಟಿ ಅಂತ ಇತ್ತು. 40 ಕೋಟಿಯ ಕಂಪನಿಯ ಕೈಯಲ್ಲಿ 70 ಕೋಟಿ ನಗದು! ನಾಲ್ಕನೇ ಬೆಲೆ ನಾನೇ ಕಂಡುಹಿಡಿದೆ ಅಂತ ಭಾವನಿಗೆ ಫೋನ್ ಮಾಡಿದೆ. ಭಾವ ನಕ್ಕರು. "ಮಂಡಿಯವನ ಗೋಡೌನಿನಲ್ಲಿ ನಿನ್ನ ಅಡಿಕೆ ಇಟ್ಟರೆ ಅದು ಮಂಡಿಯವನದ್ದಾಗ್ತದಾ ಭಾವ?" ಅಂದರು. ಆ ಹಣದ ಬಹುಪಾಲು ಗಿರಾಕಿಗಳದ್ದು. ಅದೇ ವರದಿಯ ಇನ್ನೊಂದು ಬದಿಯಲ್ಲಿ, ಕೊಡಬೇಕಾದ ಬಾಕಿ ಅನ್ನುವ ಸಾಲಿನಲ್ಲಿ, ಅಷ್ಟೇ ದೊಡ್ಡ ಮೊತ್ತ ಕೂತಿತ್ತು. ನಾನು ಒಂದು ಬದಿ ಮಾತ್ರ ಓದಿದ್ದೆ. ಉಳಿದದ್ದರಲ್ಲೂ ಒಂದು ಪಾಲು ಷೇರು ವಿನಿಮಯ ಕೇಂದ್ರಕ್ಕೆ, ಅಂದರೆ ಎಕ್ಸ್‌ಚೇಂಜಿಗೆ, ಠೇವಣಿಯಾಗಿ ಕಟ್ಟಿಹಾಕಿದ್ದು, ಬೇಕೆಂದಾಗ ತೆಗೆಯಲು ಆಗುವುದಿಲ್ಲ. ಬ್ರೋಕರ್ ಕಂಪನಿ "ನಗದಿನ ಬೆಲೆಗಿಂತ ಅಗ್ಗ" ಅಂತ ಯಾರಾದರೂ ಹೇಳಿದರೆ ಈಗ ನಾನು ಮೊದಲು ಆ ಇನ್ನೊಂದು ಬದಿ ನೋಡುತ್ತೇನೆ.

ಗಿರಾಕಿಯ ಸೊತ್ತನ್ನು ತನ್ನದೆಂದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಹೈದರಾಬಾದಿನ ಕಾರ್ವಿ ಬ್ರೋಕರ್ ಕಂಪನಿಯ ಉದಾಹರಣೆ ಇದೆಯಲ್ಲ. 2019ರ ನವೆಂಬರಿನಲ್ಲಿ ಷೇರು ಪೇಟೆಯ ನಿಯಂತ್ರಕ ಸೆಬಿ ಅದಕ್ಕೆ ಹೊಸ ಗಿರಾಕಿಗಳನ್ನು ಸೇರಿಸಿಕೊಳ್ಳಬಾರದು ಅಂತ ತಡೆ ಹಾಕಿತು. ಆಮೇಲೆ ನಿಯಮಗಳು ಬಿಗಿಯಾದವು.

ಭಾವನ 60 ಬಂದದ್ದು ಪುಸ್ತಕದ ಬೆಲೆಯಿಂದ. ಆಸ್ತಿಯಿಂದ ಸಾಲವನ್ನೆಲ್ಲ ಕಳೆದು, ಷೇರುಗಳ ಸಂಖ್ಯೆಯಿಂದ ಭಾಗಿಸಿದ್ದು. ಗಿರಾಕಿಗಳ ಹಣ ಇದರಲ್ಲಿ ತಾನಾಗಿಯೇ ಕಳೆದು ಹೋಗಿರುತ್ತದೆ. ಬ್ಯಾಂಕಿನವರ ಲೆಕ್ಕ, ಜಮೀನು ನೋಡಿ ಸಾಲ ಕೊಟ್ಟ ಹಾಗೆ. ಇದರಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ವರ್ಷದಿಂದ ವರ್ಷಕ್ಕೆ ಹೆಚ್ಚು ಕುಣಿಯುವುದಿಲ್ಲ. ಇಷ್ಟವಾಗದ್ದು ಏನೆಂದರೆ, ಸುಮ್ನೆ ಕಾಯಬೇಕು. ಒಂದೂವರೆ ವರ್ಷ ಅವರ ಹೆಸರಿನ ಹಣ ಎಫ್‌ಡಿಯಲ್ಲೇ ಬಿದ್ದಿತ್ತು. ಮಾಷ್ಟ್ರ ಮತ್ತು ಅಳಿಯನ ಷೇರುಗಳನ್ನು ನಾನು ದೀಪಾವಳಿಯ ಸಂಜೆಯೇ, ಷೇರು ಪೇಟೆ ಹಬ್ಬಕ್ಕೆಂದು ತೆರೆಯುವ ಮುಹೂರ್ತದ ಒಂದು ಗಂಟೆಯ ವ್ಯಾಪಾರದಲ್ಲಿ, 100ರ ರೇಟಿಗೆ ತೆಗೆದುಕೊಂಡಿದ್ದೆ. ಅದು 118 ಆದಾಗ ಮನೆಯವಳು "ನಿಮ್ಮ ಭಾವನ ದುಡ್ಡು ಎಷ್ಟಾಯ್ತು?" ಅಂತ ಕೇಳುವುದೂ ಆಯಿತು.

ಮಾಷ್ಟ್ರ ಲೆಕ್ಕ ನಮ್ಮ ಹೆಚ್ಚಿನವರು ಹಾಕುವ ಲೆಕ್ಕ, ಹಾಗಾಗಿ ಇದರ ಮೇಲೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಹಿಂದಿನ 12 ತಿಂಗಳಲ್ಲಿ ಷೇರಿಗೆ 14 ರೂಪಾಯಿ ಲಾಭ. ಬೆಲೆ 100. ಅಂದರೆ ಪಿ.ಇ. (ಬೆಲೆ ಲಾಭದ ಎಷ್ಟು ಪಟ್ಟು ಅನ್ನುವ ಲೆಕ್ಕ) 7. ಒಳ್ಳೆ ಕಂಪನಿಗೆ 10 ಆದರೂ ಸಿಗಬೇಕು, ಹಾಗಾಗಿ 140. ಕಾಗದದ ಮೇಲೆ ಒಂದು ಕೊಂಕು ತೆಗೆಯಲಾಗದು. ಆದರೆ ಆ 14 ಯಾವ ವರ್ಷದ್ದು? ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತವರೆಲ್ಲ ಷೇರು ಇಡುವ ಡಿಮ್ಯಾಟ್ ಖಾತೆ ತೆರೆದ ವರ್ಷದ್ದು. 2020ರ ಶುರುವಿನಲ್ಲಿ ದೇಶದಲ್ಲಿ ಸುಮಾರು 4 ಕೋಟಿ ಇದ್ದ ಡಿಮ್ಯಾಟ್ ಖಾತೆಗಳು 2022ರ ಆಗಸ್ಟಿನಲ್ಲಿ 10 ಕೋಟಿ ದಾಟಿದವು. ಬ್ರೋಕರನಿಗೆ ಅದು ಸುಗ್ಗಿ. ಸಂಬಳ, ಬಾಡಿಗೆ, ಕಂಪ್ಯೂಟರ್ ಖರ್ಚು ಹೆಚ್ಚು ಕಮ್ಮಿ ಅಷ್ಟೇ ಇರುತ್ತದೆ. ವ್ಯಾಪಾರ ಏರಿದರೆ ಏರಿದ್ದರಲ್ಲಿ ಬಹುಪಾಲು ಲಾಭಕ್ಕೇ ಸೇರುತ್ತದೆ. ಇಳಿದರೂ ಹಾಗೆಯೇ, ನೇರ ಲಾಭಕ್ಕೇ ಪೆಟ್ಟು.

ಮಾರನೇ ವರ್ಷ ಪೇಟೆ ತಣ್ಣಗಾಯಿತು. ಲಾಭ ಷೇರಿಗೆ 6ಕ್ಕೆ ಇಳಿಯಿತು. ಬೆಲೆ 70ಕ್ಕೆ ಬಂತು. ಈಗ ತಮಾಷೆ ನೋಡಿ. 100 ರೂಪಾಯಿ ಇದ್ದಾಗ ಪಿ.ಇ. 7, ಅಂದರೆ "ಅಗ್ಗ". 70ಕ್ಕೆ ಬಿದ್ದಾಗ ಪಿ.ಇ. 12ರ ಹತ್ತಿರ, ಅಂದರೆ "ದುಬಾರಿ". ಮಾಷ್ಟ್ರ ಸೂತ್ರದ ಪ್ರಕಾರ ಹತ್ತಾರಲೆ ಅರುವತ್ತು, ಮಾರು. ಮಾತು ಕೊಟ್ಟ ಹಾಗೆ 68ಕ್ಕೆ ಮಾರಿದೆ. ನೂರು ಷೇರಿಗೆ 3,200 ರೂಪಾಯಿ ಹೋಯಿತು. ಸರಿಯಾಗಿ ಒಂದು ತಿಂಗಳಾದ ಮೇಲೆ, 2023ರ ಮಾರ್ಚಿನಲ್ಲಿ, ಭಾವನ ಬೆಲೆ ಬಂದು ಅವರ ನೂರು ಷೇರು 62ಕ್ಕೆ ಕೊಂಡೆ. 60 ಅಂದಿದ್ದರು. ಎರಡು ರೂಪಾಯಿಗೆ ಭಾವನೂ ಬಗ್ಗಿದರು.

ನಾವು ತೋಟ ಕೊಳ್ಳುವಾಗ ಹೀಗೆ ಮಾಡುತ್ತೇವಾ? ಅಡಿಕೆಗೆ ಮೇಲಿನ ರೇಟು ಸಿಕ್ಕ ವರ್ಷದ ಆದಾಯ ಹಿಡಿದು ಯಾರೂ ತೋಟಕ್ಕೆ ಬೆಲೆ ಕಟ್ಟುವುದಿಲ್ಲ. ಮಳೆ ಬಿಡದೆ ಮದ್ದು ಬಿಡಲಾಗದೆ ಕೊಳೆರೋಗದಲ್ಲಿ ಗೊನೆ ಗೊನೆಯೇ ಉದುರಿದ ವರ್ಷದ್ದನ್ನು ಹಿಡಿದೂ ಕಟ್ಟುವುದಿಲ್ಲ. ಐದಾರು ವರ್ಷದ್ದು ಕೇಳುತ್ತೇವೆ. ಈ ಬುದ್ಧಿ ಷೇರಿನ ಮುಂದೆ ಕೂತಾಗ ಎಲ್ಲಿ ಹೋಗುತ್ತದೋ! ಮಾಷ್ಟ್ರಿಗೆ ಇದನ್ನು ಹೇಳಿದೆ. ಅವರಿಗೂ ಒಂದೂವರೆ ಎಕರೆ ಇದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಸರಾಸರಿ ತೆಗಿ ಮಾರಾಯ" ಅಂದರು. ಐದು ವರ್ಷದ ಲಾಭ 4, 9, 14, 6, 15. ಸರಾಸರಿ 9.6. ಅದರ ಹತ್ತು ಪಟ್ಟು 96.

ಅದರಲ್ಲಿ ಕೊನೆಯ 15ರ ಒಳಗೂ ಒಂದು ಕಿತಾಪತಿ ಇತ್ತು. ಸಣ್ಣ ಬ್ರೋಕರ್ ಕಂಪನಿಗಳು ತಮ್ಮದೇ ಹಣದಲ್ಲೂ ಷೇರು ಇಟ್ಟುಕೊಂಡಿರುತ್ತವೆ. ಪೇಟೆ ಏರಿದರೆ ಮಾರದೆಯೇ ಆ ಏರಿಕೆ ಲಾಭದ ಪಟ್ಟಿಗೆ ಬರಬಹುದು. ನಮ್ಮ ಕಂಪನಿಯಲ್ಲಿ 15ರಲ್ಲಿ ಸುಮಾರು 5 ಹಾಗೆ ಬಂದದ್ದು. ಅದು ದಲ್ಲಾಳಿ ಸಂಪಾದನೆ ಅಲ್ಲ, ಅದಕ್ಕೆ ಹತ್ತು ಪಟ್ಟು ಕೊಡಲು ನನಗೆ ಮನಸ್ಸು ಬರುವುದಿಲ್ಲ. ಅದನ್ನು ಕಳೆದರೆ ಸರಾಸರಿ 8.6, ಬೆಲೆ 86.

ಅಳಿಯನ 250ರ ಕಥೆ ಬೇರೆ. ಅವನು ಲಾಭ ನೋಡುವುದೇ ಇಲ್ಲ. ತಲೆ ಎಣಿಸುತ್ತಾನೆ. 25 ಸಾವಿರ ಗಿರಾಕಿಗಳು, ತಲೆಗೆ 40 ಸಾವಿರ, ಒಟ್ಟು 100 ಕೋಟಿ, ಷೇರಿಗೆ 250. "ದೊಡ್ಡವರು ಯಾರಾದರೂ ಬಂದು ಇಡೀ ಕಂಪನಿಯನ್ನೇ ಕೊಳ್ತಾರೆ ಮಾವ" ಅನ್ನುತ್ತಾನೆ. ಹಾಗೆ ಆಗುವುದೇ ಇಲ್ಲ ಅಂತಲ್ಲ. ಕೊರಿಯಾದ ಮಿರೇ ಅಸೆಟ್ ಸುಮಾರು 3,000 ಕೋಟಿಗೆ ಶೇರ್‌ಖಾನ್ ಅನ್ನುವ ದೊಡ್ಡ ಬ್ರೋಕರ್ ಕಂಪನಿಯನ್ನು ಕೊಳ್ಳುವುದಾಗಿ 2023ರ ಡಿಸೆಂಬರಿನಲ್ಲಿ ಹೇಳಿದಾಗ ಅವನು ರಾತ್ರಿ ಹತ್ತಕ್ಕೆ ಫೋನ್ ಮಾಡಿದ್ದ. ಆದರೆ ಕೊಳ್ಳುವವನಿಗೆ ಶೇರ್‌ಖಾನಿನ ಹೆಸರು, ಊರೂರಿನ ಶಾಖೆ ಬೇಕು. ನಮ್ಮ ಕಂಪನಿಯ ಹೆಸರು ಕಾಞಂಗಾಡು ದಾಟಿದರೆ ಯಾರಿಗೂ ಗೊತ್ತಿಲ್ಲ.

ತಲೆಗಳಲ್ಲೂ ಜೀವ ಎಷ್ಟಕ್ಕಿದೆ ಅಂತ ನೋಡಬೇಕು. ಹಿಂದಿನ 12 ತಿಂಗಳಲ್ಲಿ ಒಮ್ಮೆಯಾದರೂ ವ್ಯಾಪಾರ ಮಾಡಿದವರನ್ನು ಮಾತ್ರ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ ಸಕ್ರಿಯ ಗಿರಾಕಿ ಅಂತ ಎಣಿಸುತ್ತದೆ. ಆ ಪಟ್ಟಿಯಲ್ಲಿ ನಮ್ಮ ಕಂಪನಿಯದ್ದು 9 ಸಾವಿರ. ಅಳಿಯನದ್ದೇ ರೇಟಿನಲ್ಲಿ ಗುಣಿಸಿ: 36 ಕೋಟಿ, ಷೇರಿಗೆ 90. ಅವನ 250ರಿಂದ 160 ರೂಪಾಯಿ ಒಂದೇ ಸಾಲಿನಲ್ಲಿ ಹೋಯಿತು. ಸತ್ತುಹೋದ ನಮ್ಮ ದೊಡ್ಡಪ್ಪನ ಖಾತೆಯೂ ಆ 25 ಸಾವಿರದಲ್ಲಿ ಒಂದು, ಅವರ ಮಗ ಇನ್ನೂ ಕಾಗದಪತ್ರ ಕೊಟ್ಟಿಲ್ಲ.

ಇನ್ನೊಂದು. ಬ್ರೋಕರನಿಗೆ ಜಾಸ್ತಿ ಹಣ ಕೊಡುವ ಗಿರಾಕಿ ದಿನಾ ಆಪ್ಷನ್ (ಮುಂದಿನ ಬೆಲೆಯ ಮೇಲಿನ ಒಪ್ಪಂದ) ಆಡುವವನು. ಅವನು ಎಷ್ಟು ದಿನ ಉಳಿಯುತ್ತಾನೆ? 2021-22ರಿಂದ 2023-24ರ ವರೆಗಿನ ಮೂರು ವರ್ಷದಲ್ಲಿ ಎಫ್ ಆ್ಯಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್) ಆಡಿದ ವೈಯಕ್ತಿಕ ಹೂಡಿಕೆದಾರರಲ್ಲಿ 100ಕ್ಕೆ 93 ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಮೇಲೆ ಅಂತ ಸೆಬಿಯೇ ಲೆಕ್ಕ ಹಾಕಿತು. ಕೈ ಸುಟ್ಟುಕೊಂಡವನು ಹೋಗುತ್ತಾನೆ, ಹೊಸಬನನ್ನು ಹುಡುಕಬೇಕು. ಹೀಗಿರುವಾಗ ತಲೆಗೆ 40 ಸಾವಿರ ಹೇಗೆ ಕೊಡುವುದು?

2024ರಲ್ಲಿ ಮೂವರ ಲೆಕ್ಕವೂ ಒಟ್ಟಿಗೆ ಪರೀಕ್ಷೆಗೆ ಬಂತು. ಜೂನಿನಲ್ಲಿ ಬೆಲೆ 140 ದಾಟಿತು. ಪುಸ್ತಕದ ಬೆಲೆ ಅಷ್ಟರಲ್ಲಿ 70 ಆಗಿತ್ತು, ಎರಡು ಪಟ್ಟು ಸಿಕ್ಕರೆ ಮಾರು ಅನ್ನುವುದು ಭಾವನ ಮಾತು. ಮಾರಲು ಹೋದರೆ ಕೊಳ್ಳುವವರೇ ಇಲ್ಲ! ಪರದೆಯಲ್ಲಿ 141 ಕಾಣುತ್ತದೆ, ಆ ಬೆಲೆಗೆ ಕೇಳುವವರು 15 ಷೇರಿಗೆ. ನೂರು ಷೇರು ಮುಗಿಸಲು ಮೂರು ದಿನ, ಸರಾಸರಿ ಸಿಕ್ಕಿದ್ದು 137. ನೂರು ಷೇರಿಗೇ ಹೀಗಾದರೆ ಹತ್ತು ಸಾವಿರ ಇದ್ದವನ ಗತಿ ಏನು? ಈ ಕಷ್ಟಕ್ಕೆ ಮೂವರ ಲೆಕ್ಕದಲ್ಲೂ ಜಾಗ ಇರಲಿಲ್ಲ. ಇಂಥ ಷೇರಿಗೆ ಯಾವ ಬೆಲೆ ಬಂದರೂ ಅದರಲ್ಲಿ ಒಂದು ಪಾಲು ಇದಕ್ಕೇ ಅಂತ ನಾನೀಗ ಕಳೆಯುತ್ತೇನೆ.

ಸೆಪ್ಟೆಂಬರಿನಲ್ಲಿ 190. ಭಾವ ಬೇಗ ಮಾರಿದರು ಅಂತ ಅಳಿಯನ ಕಡೆಯಿಂದ ನಗೆಯ ಚಿತ್ರಗಳು ಬಂದವು. ಆಮೇಲೆ ಸೆಬಿಯ ನಿಯಮಗಳು. ಅಕ್ಟೋಬರ್ 1ರಿಂದ ಎಕ್ಸ್‌ಚೇಂಜ್ ಶುಲ್ಕ ಎಲ್ಲರಿಗೂ ಒಂದೇ. ಅದಕ್ಕಿಂತ ಮೊದಲು ಬ್ರೋಕರು ಗಿರಾಕಿಯಿಂದ ಪೂರ್ತಿ ಶುಲ್ಕ ತೆಗೆದುಕೊಂಡು, ವ್ಯಾಪಾರ ದೊಡ್ಡದಿದ್ದರೆ ಎಕ್ಸ್‌ಚೇಂಜಿಗೆ ಕಮ್ಮಿ ಕಟ್ಟಿ, ನಡುವಿನದ್ದನ್ನು ಇಟ್ಟುಕೊಳ್ಳಬಹುದಿತ್ತು. ಅದೇ ದಿನ ಎಫ್ ಆ್ಯಂಡ್ ಓ ಮೇಲಿನ ಸರಕಾರಿ ತೆರಿಗೆ ಎಸ್‌ಟಿಟಿಯೂ ಏರಿತು. ನವೆಂಬರ್ 20ರಿಂದ ವಾರಕ್ಕೊಮ್ಮೆ ಮುಗಿಯುವ ಆಪ್ಷನ್ ಒಂದು ಎಕ್ಸ್‌ಚೇಂಜಿಗೆ ಒಂದೇ ಸೂಚ್ಯಂಕದಲ್ಲಿ. ನಿಜ ಹೇಳಬೇಕೆಂದರೆ ಮೊದಲನೆಯ ನಿಯಮದ ಪೆಟ್ಟು ಕಮ್ಮಿ ಕಮಿಷನ್ನಿಗೆ ವ್ಯಾಪಾರ ಮಾಡಿಕೊಡುವ ದೊಡ್ಡ ಬ್ರೋಕರುಗಳಿಗೇ ಜಾಸ್ತಿ. ನಮ್ಮಂಥ ಸಣ್ಣ ಕಂಪನಿಗೆ ಆ ನಡುವಿನ ಲಾಭ ಮೊದಲೇ ಚಿಲ್ಲರೆ. ಆದರೆ ಪೇಟೆ ಅದನ್ನೆಲ್ಲ ನೋಡಲಿಲ್ಲ, ಎಲ್ಲ ಬ್ರೋಕರ್ ಷೇರುಗಳನ್ನೂ ಒಂದೇ ಗೋಣಿಗೆ ಹಾಕಿತು. ಬೆಲೆ 115ಕ್ಕೆ ಇಳಿಯಿತು.

ನನ್ನ ಪುಸ್ತಕದಲ್ಲಿ ಹೀಗಿದೆ. ಭಾವನ ನೂರು: 62ಕ್ಕೆ ಕೊಂಡು 137ಕ್ಕೆ ಮಾರಿದ್ದು. ಮಾಷ್ಟ್ರದ್ದು: 100ಕ್ಕೆ ಕೊಂಡು 68ಕ್ಕೆ ಮಾರಿದ್ದು. ಅಳಿಯನದ್ದು: 100ಕ್ಕೆ ಕೊಂಡದ್ದು, ಮಾರಿಲ್ಲ. ಇದನ್ನು ನೋಡಿ ಭಾವ ಗೆದ್ದರು ಅನ್ನಬೇಡಿ, ಅರ್ಧ ಅದೃಷ್ಟ. ಬೆಲೆ 60ರ ಹತ್ತಿರ ಬಾರದೇ ಹೋಗಿದ್ದರೆ ಅವರ ಸಾಲು ಖಾಲಿ ಇರುತ್ತಿತ್ತು. ನನಗೆ ಕೊಳ್ಳುವಾಗ ಭಾವನ ಲೆಕ್ಕ ಬೇಕು, ಮಾರುವಾಗ ಮಾಷ್ಟ್ರ ಸರಾಸರಿ ಬೇಕು. ಅಳಿಯನ ಲೆಕ್ಕದಿಂದ ನನಗೆ ಬೇಕಾದ್ದು ಗುಣಾಕಾರ ಅಲ್ಲ, ಸಕ್ರಿಯ ಗಿರಾಕಿಗಳು ತಿಂಗಳಿಂದ ತಿಂಗಳಿಗೆ ಏರುತ್ತಿದ್ದಾರಾ ಇಳಿಯುತ್ತಿದ್ದಾರಾ ಅನ್ನುವ ಒಂದು ಸಾಲು ಮಾತ್ರ. ಈಗ ನಮ್ಮ ಕಂಪನಿಗೆ ನಾನು ಕೊಡುವ ಬೆಲೆ 70ರಿಂದ 86ರ ಒಳಗೆ.

ಹಾಗಾಗಿ 115ಕ್ಕೆ ಅಳಿಯನ ನೂರನ್ನು ಮಾರಲು ಹಾಕಿದೆ. ಮೊದಲ ದಿನ 22 ಹೋಯಿತು, ಎರಡನೇ ದಿನ 18. ಮೂರನೇ ದಿನ ಅವನಿಗೆ ಹೇಗೋ ಗೊತ್ತಾಯಿತು. "ಮಾವ, ಒಪ್ಪಂದ 250 ಅಲ್ವಾ?" ಅಂದ. ಒಪ್ಪಂದ ಹೌದು. ಉಳಿದ 60 ಹಾಗೇ ಇದೆ.